ಎಮ್ಯುಲೇಟರ್ ಕೋಡಿನ ಬರಿ ಪಿನ್ ಅಂಕಿಗಳಿಗೆ ಹೆಸರು ಕೊಡುವ ಕ್ರಮ

ಹಳೆಯ ಎಮ್ಯುಲೇಟರ್ (ಒಂದು ಯಂತ್ರವನ್ನು ಇನ್ನೊಂದರಲ್ಲಿ ಅನುಕರಿಸುವ ಪ್ರೋಗ್ರಾಂ) ಕೋಡ್ ತೆರೆದರೆ ಇಂಥ ಸಾಲುಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ:

ಮೇನ್‌ಸಿಪಿಯು.ಸೆಟ್_ಲೈನ್(3, 1);

ಇಲ್ಲಿ 3 ಅಂದರೆ ಏನು? ಚಿಪ್‌ನ ಮೂರನೆಯ ಕಾಲೇ, ಪೋರ್ಟಿನ ಮೂರನೆಯ ಬಿಟ್ಟೇ, ಮೂರನೆಯ ಹಂತದ ಇಂಟರಪ್ಟೇ (ಪ್ರೊಸೆಸರ್‌ನ ಕೆಲಸ ತಡೆದು ಗಮನ ಸೆಳೆಯುವ ಸಿಗ್ನಲ್), ಅಥವಾ ಎಮ್ಯುಲೇಟರ್ ಬರೆದವರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಕ್ರಮಸಂಖ್ಯೆಯೇ? ಸಾಲನ್ನು ನೋಡಿ ಹೇಳಲು ಬರುವುದಿಲ್ಲ. ಹೆಸರು ಕೊಡುವ ಕೆಲಸದ ಮುಕ್ಕಾಲು ಪಾಲು ಈ ಪ್ರಶ್ನೆಗೆ ಉತ್ತರ ಹುಡುಕುವುದೇ. ಟೈಪ್ ಮಾಡುವುದು ಉಳಿದ ಕಾಲು ಪಾಲು. ಅಂಕಿ ಏನೆಂದು ತಿಳಿಯದೆ ಅದಕ್ಕೊಂದು ಹೆಸರು ಅಂಟಿಸಿದರೆ ಕೋಡ್ ಮೊದಲಿಗಿಂತ ಕೆಟ್ಟ ಸ್ಥಿತಿಗೆ ಬರುತ್ತದೆ. ಬರಿ ಅಂಕಿಯನ್ನು ಓದುಗ ಅನುಮಾನದಿಂದ ನೋಡುತ್ತಾನೆ, ಹೆಸರನ್ನು ನಂಬಿಬಿಡುತ್ತಾನೆ.

ಒಂದೇ ಸಿಗ್ನಲ್, ಐದು ಅಂಕಿ

8085 ಪ್ರೊಸೆಸರ್‌ನ ಆರ್‌ಎಸ್‌ಟಿ 7.5 ಇಂಟರಪ್ಟನ್ನೇ ತೆಗೆದುಕೊಳ್ಳಿ. 40 ಕಾಲಿನ ಚಿಪ್‌ನಲ್ಲಿ ಅದರ ಭೌತಿಕ ಪಿನ್ 7. ಸಿಮ್ ಸೂಚನೆಯಲ್ಲಿ ಅದನ್ನು ತಡೆಹಿಡಿಯುವ ಮಾಸ್ಕ್ ಬಿಟ್ 2, ಅದರ ಲ್ಯಾಚ್ (ಬಂದ ಸಿಗ್ನಲನ್ನು ಹಿಡಿದಿಡುವ ಭಾಗ) ಅಳಿಸುವ ಬಿಟ್ 4. ರಿಮ್ ಸೂಚನೆ ಓದಿದಾಗ ಅದು ಬಾಕಿ ಇದೆ ಎಂದು ತೋರಿಸುವ ಬಿಟ್ 6. ವೆಕ್ಟರ್ ವಿಳಾಸ (ಇಂಟರಪ್ಟ್ ಬಂದಾಗ ಪ್ರೊಸೆಸರ್ ನೆಗೆಯುವ ಜಾಗ) ಹೆಕ್ಸ್‌ನಲ್ಲಿ 3ಸಿ. ಇದರ ಮೇಲೆ ಎಮ್ಯುಲೇಟರ್ ಒಳಗಿನ ಲೈನ್ ಕ್ರಮಸಂಖ್ಯೆ ಬೇರೆ. ಐಎನ್‌ಟಿಆರ್ ಎಂಬ ಸಾಮಾನ್ಯ ಇಂಟರಪ್ಟನ್ನು 0 ಎಂದಿಟ್ಟು 5.5, 6.5, 7.5 ಎಂದು ಸಾಲಾಗಿ ಎಣಿಸಿದ್ದರೆ ಅದು 3. ಹಾಗಾಗಿ ಕೋಡಿನಲ್ಲಿ 7, 2, 4, 6, 3 ಎಂಬ ಐದು ಅಂಕಿಗಳೂ ಆರ್‌ಎಸ್‌ಟಿ 7.5 ಬಗ್ಗೆಯೇ ಮಾತಾಡುತ್ತಿರಬಹುದು. ಜೊತೆಗೆ 6 ಎಂಬುದು ಇದೇ ಚಿಪ್‌ನ ಇನ್ನೊಂದು ಇಂಟರಪ್ಟ್ ಟ್ರ್ಯಾಪ್‌ನ ಭೌತಿಕ ಪಿನ್ ಕೂಡ ಹೌದು.

ಇನ್ನೊಂದು ಕಡೆಯಿಂದಲೂ ಇದೇ ಗೊಂದಲ. ಎಟಿಮೆಗಾ328ಪಿ ಚಿಪ್ ಇರುವ ಆರ್ಡುಯಿನೋ ಊನೋ ಬೋರ್ಡಿನಲ್ಲಿ 13 ಎಂದರೆ ಪಿಬಿ5, ಅಂದರೆ ಬಿ ಪೋರ್ಟಿನ 5ನೇ ಬಿಟ್. ಅದೇ ಚಿಪ್‌ನ 28 ಕಾಲಿನ ಡಿಐಪಿ ರೂಪದಲ್ಲಿ ಭೌತಿಕ ಪಿನ್ 13 ಎಂದರೆ ಪಿಡಿ7. 32 ಕಾಲಿನ ಟಿಕ್ಯುಎಫ್‌ಪಿ ರೂಪದಲ್ಲಿ ಪಿನ್ 13 ಎಂದರೆ ಪಿಬಿ1. ಒಂದೇ ಚಿಪ್, ಒಂದೇ ಅಂಕಿ, ಮೂರು ಬೇರೆ ಬೇರೆ ಸಿಗ್ನಲ್. "ಪಿನ್_13" ಎಂಬ ಹೆಸರಿಟ್ಟರೆ ಇದರಲ್ಲಿ ಏನೂ ಬಗೆಹರಿಯುವುದಿಲ್ಲ.

ಆದ್ದರಿಂದ ಹೆಸರಿನಲ್ಲಿ ಎರಡು ವಿಷಯ ಇರಲೇಬೇಕು: ಸಿಗ್ನಲ್ ಯಾವುದು, ಅಂಕಿ ಯಾವ ಜಾತಿಯದು. ಜಾತಿಯನ್ನು ಕೊನೆಯ ಪದದಲ್ಲಿ ಹೇಳಿದರೆ ಸಾಕು: _ಲೈನ್, _ಬಿಟ್, _ಮಾಸ್ಕ್, _ಲೆವೆಲ್, _ವೆಕ್ಟರ್. ಭೌತಿಕ ಪಿನ್ ಸಂಖ್ಯೆಗೆ ಎಮ್ಯುಲೇಟರ್ ಒಳಗೆ ಸಾಮಾನ್ಯವಾಗಿ ಕೆಲಸವೇ ಇಲ್ಲ. ಅದು ಟಿಪ್ಪಣಿಯಲ್ಲಿರಲಿ, ಬೆಲೆಯಾಗಿ ಬೇಡ.

ಮೊದಲು ಪಟ್ಟಿ

ಒಂದು ಚಿಪ್ ಆರಿಸಿಕೊಳ್ಳಿ. ಇಡೀ ಪ್ರಾಜೆಕ್ಟನ್ನು ಒಟ್ಟಿಗೆ ಹಿಡಿಯಬೇಡಿ. ಆ ಚಿಪ್‌ನ ಲೈನ್ ಬದಲಿಸುವ ಫಂಕ್ಷನ್ ಹೆಸರಿನ ಬೆನ್ನಿಗೇ ಕಂಸ, ಅದರ ಬೆನ್ನಿಗೆ ಅಂಕಿ ಬರುವ ಜಾಗಗಳನ್ನೆಲ್ಲ ಗ್ರೆಪ್ ಮಾಡಿ (ಫೈಲ್‌ಗಳಲ್ಲಿ ಪಠ್ಯ ಹುಡುಕುವ ಕಮಾಂಡ್). ಅಷ್ಟರಿಂದ ಎಲ್ಲವೂ ಸಿಗುವುದಿಲ್ಲ. ಇವನ್ನೂ ಹುಡುಕಬೇಕು:

— ಬೋರ್ಡ್ ಜೋಡಣೆಯ ಕೋಡ್, ಅಂದರೆ ಒಂದು ಸಾಧನದ ಔಟ್‌ಪುಟ್ಟನ್ನು ಇನ್ನೊಂದರ ಇನ್‌ಪುಟ್‌ಗೆ ಕಟ್ಟುವ ಸಾಲುಗಳು. ಇಲ್ಲಿ ಫಂಕ್ಷನ್ ಹೆಸರು ಬೇರೆಯಾಗಿರುತ್ತದೆ.
— 1 << 5 ಎಂಬಂಥ ಶಿಫ್ಟ್‌ಗಳು, ಒಂದೇ ಬಿಟ್ ಇರುವ ಹೆಕ್ಸ್ ಮಾಸ್ಕ್‌ಗಳು (01, 02, 04, 08, 10, 20, 40, 80), ಮತ್ತು ಅವುಗಳ ತಲೆಕೆಳಗಾದ ರೂಪಗಳು.
— ಅಂಕಿಯನ್ನು ಮೊದಲು ವೇರಿಯಬಲ್‌ಗೆ ಹಾಕಿ ಆಮೇಲೆ ಕಳಿಸುವ ಜಾಗಗಳು. ಇವು ಗ್ರೆಪ್‌ಗೆ ಸಿಗದೆ ತಪ್ಪಿಸಿಕೊಳ್ಳುತ್ತವೆ. ಲೈನ್ ಸಂಖ್ಯೆ ತೆಗೆದುಕೊಳ್ಳುವ ಪ್ಯಾರಾಮೀಟರ್‌ನ ಟೈಪನ್ನು ತಾತ್ಕಾಲಿಕವಾಗಿ ಇಂಟ್‌ನಿಂದ ಪರಿವರ್ತನೆ ಆಗದ ಟೈಪ್ ಒಂದಕ್ಕೆ ಬದಲಿಸಿ ಕಂಪೈಲ್ ಮಾಡಿ. ಬರುವ ಎರರ್‌ಗಳೇ ಪೂರ್ತಿ ಪಟ್ಟಿ. ಪಟ್ಟಿ ತೆಗೆದುಕೊಂಡು ಬದಲಾವಣೆಯನ್ನು ಹಿಂದಕ್ಕೆ ಪಡೆಯಿರಿ.

ಪಟ್ಟಿಯಲ್ಲಿ ಫೈಲ್, ಸಾಲು, ಅಂಕಿ, ಅಂಕಿಯ ಜಾತಿ, ಸಿಗ್ನಲ್ ಹೆಸರು, ಆಧಾರ ಎಂಬ ಆರು ಅಂಕಣ ಇರಲಿ. "ಆಧಾರ" ಎಂದರೆ ಸ್ಕೀಮ್ಯಾಟಿಕ್‌ನ (ಸರ್ಕ್ಯೂಟ್ ನಕ್ಷೆಯ) ಹಾಳೆ ಸಂಖ್ಯೆ ಅಥವಾ ಡೇಟಾಶೀಟ್‌ನ (ಚಿಪ್ ತಯಾರಕರ ವಿವರಪತ್ರದ) ಪುಟ. ಅದು ಖಾಲಿ ಇರುವ ಸಾಲಿಗೆ ಹೆಸರು ಕೊಡಬೇಡಿ. ಬರಿ ಅಂಕಿಯಾಗಿಯೇ ಉಳಿಯಲಿ, ಪಕ್ಕದಲ್ಲಿ "ಸ್ಕೀಮ್ಯಾಟಿಕ್ ನೋಡಿ ಖಚಿತಪಡಿಸಬೇಕು" ಎಂದು ಟಿಪ್ಪಣಿ ಸಾಕು.

ತಾಳೆ ನೋಡುವಾಗ

ಸ್ಕೀಮ್ಯಾಟಿಕ್‌ನಲ್ಲಿ ಗೆರೆಯ ಮೇಲೆ ಬರೆದಿರುವುದು ಭೌತಿಕ ಪಿನ್ ಸಂಖ್ಯೆ. ಚಿಪ್ ಚೌಕದ ಒಳಗೆ ಬರೆದಿರುವುದು ಪಿನ್ನಿನ ಹೆಸರು. ಕೋಡಿಗೆ ಬೇಕಾದದ್ದು ಒಳಗಿನದು. ಹೊರಗಿನ ಅಂಕಿಯನ್ನು ಬಿಟ್ ಸಂಖ್ಯೆ ಎಂದುಕೊಂಡು ಎಡವುವುದಕ್ಕೆ 74ಎಲ್‌ಎಸ್259 ಲ್ಯಾಚ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಎಂಟು ಔಟ್‌ಪುಟ್‌ಗಳ ಈ ಚಿಪ್‌ನಲ್ಲಿ ಕ್ಯು0ರಿಂದ ಕ್ಯು3ರವರೆಗೆ ಪಿನ್ 4, 5, 6, 7. ಆಮೇಲೆ ಪಿನ್ 8 ಗ್ರೌಂಡ್. ಹಾಗಾಗಿ ಕ್ಯು4ರಿಂದ ಕ್ಯು7ರವರೆಗೆ ಪಿನ್ 9, 10, 11, 12. "ಪಿನ್ನಿನಿಂದ ನಾಲ್ಕು ಕಳೆದರೆ ಬಿಟ್" ಎಂಬ ಲೆಕ್ಕ ಮೊದಲ ಅರ್ಧಕ್ಕೆ ಸರಿ, ಎರಡನೆಯ ಅರ್ಧಕ್ಕೆ ಒಂದು ಹೆಚ್ಚು. ಕ್ಯು4ರಲ್ಲಿ ಪರದೆ ತಲೆಕೆಳಗು ಮಾಡುವ ಸಿಗ್ನಲ್, ಕ್ಯು5ರಲ್ಲಿ ನಾಣ್ಯ ಎಣಿಸುವ ಸಿಗ್ನಲ್ ಇದ್ದರೆ, ಈ ತಪ್ಪಿನಿಂದ ನಾಣ್ಯ ಎಣಿಕೆಗೆ ಪರದೆ ಸಂಬಂಧ ಹುಟ್ಟುತ್ತದೆ.

68000ದಲ್ಲಿ ಇನ್ನೊಂದು ಬಗೆಯ ಎಚ್ಚರ ಬೇಕು. ಅದಕ್ಕೆ ಇಂಟರಪ್ಟಿಗೆಂದು ಇರುವುದು ಐಪಿಎಲ್0, ಐಪಿಎಲ್1, ಐಪಿಎಲ್2 ಎಂಬ ಮೂರೇ ಪಿನ್. ಅವು ಮೂರೂ ಸೇರಿ 1ರಿಂದ 7ರವರೆಗಿನ ಒಂದು ಹಂತವನ್ನು ಹೇಳುತ್ತವೆ. ಏಳನೆಯದನ್ನು ಮಾಸ್ಕ್ ಮಾಡಲಾಗದು. ಆಟೋವೆಕ್ಟರ್ ಸಂಖ್ಯೆ 25ರಿಂದ 31. ಆದ್ದರಿಂದ ಇಲ್ಲಿ 4 ಎಂಬುದು ಪಿನ್ ಆಗಲಾರದು. ಅದು 4ನೇ ಹಂತವಾಗಿರಬಹುದು, ಅಥವಾ ಐಪಿಎಲ್2 ಮಾತ್ರ ಎದ್ದಿದೆ ಎನ್ನುವ ಮಾಸ್ಕ್ ಆಗಿರಬಹುದು. ಎರಡರ ಬೆಲೆ ಒಂದೇ, ಪರಿಣಾಮವೂ ಆ ಹೊತ್ತಿಗೆ ಒಂದೇ. ಆದರೆ ಆ ಮೂರು ಪಿನ್‌ಗಳನ್ನು ಬೋರ್ಡಿನಲ್ಲಿ ಬೇರೆ ಬೇರೆ ಸಾಧನಗಳಿಗೆ ನೇರವಾಗಿ ಕಟ್ಟಿದ್ದರೆ, ಐಪಿಎಲ್1, ಐಪಿಎಲ್2 ಎರಡೂ ಒಟ್ಟಿಗೆ ಎದ್ದಾಗ 6ನೇ ಹಂತ ಬರುತ್ತದೆ. ಪ್ರಯಾರಿಟಿ ಎನ್‌ಕೋಡರ್ ಮೂಲಕ ಕಟ್ಟಿದ್ದರೆ ದೊಡ್ಡದು ಮಾತ್ರ ಗೆಲ್ಲುತ್ತದೆ. _ಮಾಸ್ಕ್ ಎಂದು ಬರೆಯಬೇಕೋ _ಲೆವೆಲ್ ಎಂದು ಬರೆಯಬೇಕೋ ಎಂಬುದನ್ನು ಆ ಗೆರೆಗಳೇ ತೀರ್ಮಾನಿಸುತ್ತವೆ.

ಹೆಸರು ಯಾರ ಮನೆಯದು

ಹೆಸರುಗಳು ಎರಡು ಪದರದಲ್ಲಿರಬೇಕು. ಮೊದಲನೆಯದು ಚಿಪ್‌ನ ಹೆಸರು. ಅದು ಚಿಪ್‌ನ ಹೆಡರ್‌ನಲ್ಲಿರಬೇಕು, ಡೇಟಾಶೀಟ್‌ನಲ್ಲಿ ಇರುವಂತೆಯೇ ಇರಬೇಕು. ಇನಮ್, ಅಂದರೆ ಹೆಸರಿಟ್ಟ ಸ್ಥಿರಾಂಕಗಳ ಪಟ್ಟಿ, ಹೀಗಿರಲಿ:

ಇನಮ್
{
ಐ8085_ಐಎನ್‌ಟಿಆರ್_ಲೈನ್ = 0,
ಐ8085_ಆರ್‌ಎಸ್‌ಟಿ55_ಲೈನ್ = 1,
ಐ8085_ಆರ್‌ಎಸ್‌ಟಿ65_ಲೈನ್ = 2,
ಐ8085_ಆರ್‌ಎಸ್‌ಟಿ75_ಲೈನ್ = 3,
ಐ8085_ಟ್ರ್ಯಾಪ್_ಲೈನ್ = 4
};

ಎರಡನೆಯದು ಬೋರ್ಡಿನ ಹೆಸರು. "ಸ್ಪ್ರೈಟ್ ಡಿಎಂಎ ಮುಗಿದ ಇಂಟರಪ್ಟ್" ಎಂಬುದು ಆ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದು, ಚಿಪ್‌ಗೆ ಗೊತ್ತಿಲ್ಲದ್ದು. ಅದು ಡ್ರೈವರ್ ಫೈಲ್‌ನಲ್ಲಿರಬೇಕು (ಆ ಯಂತ್ರದ ಜೋಡಣೆ ಇರುವ ಫೈಲ್), ಅದರ ಬೆಲೆ ಅಂಕಿಯಾಗಿರದೆ ಚಿಪ್‌ನ ಹೆಸರಾಗಿರಬೇಕು: ಸ್ಪ್ರೈಟ್_ಡಿಎಂಎ_ಲೈನ್ = ಐ8085_ಆರ್‌ಎಸ್‌ಟಿ65_ಲೈನ್. ಬೋರ್ಡಿನ ಹೆಸರುಗಳನ್ನು ಚಿಪ್ ಹೆಡರ್‌ಗೆ ನುಗ್ಗಿಸಿದರೆ ಅದೇ ಚಿಪ್ ಬಳಸುವ ಎರಡನೆಯ ಯಂತ್ರಕ್ಕೆ ಅವು ಸುಳ್ಳಾಗುತ್ತವೆ. ಸಿಗ್ನಲ್ ಒಂದೇ ಕಡೆ ಬಳಕೆಯಾಗುತ್ತಿದ್ದರೆ ಎರಡನೆಯ ಪದರ ಬೇಕಿಲ್ಲ. ಚಿಪ್‌ನ ಹೆಸರನ್ನೇ ನೇರವಾಗಿ ಬಳಸಿ.

ಇನಮ್‌ನಲ್ಲಿ ಬೆಲೆಗಳನ್ನು ಬಿಡಿಬಿಡಿಯಾಗಿ ಬರೆಯಿರಿ, ತಾನೇ ಎಣಿಸಿಕೊಳ್ಳಲಿ ಎಂದು ಬಿಡಬೇಡಿ. ನಾಳೆ ಯಾರಾದರೂ ಪಟ್ಟಿಯನ್ನು ಅಕ್ಷರಕ್ರಮಕ್ಕೆ ಜೋಡಿಸಿದರೆ ಎಲ್ಲ ಲೈನ್‌ಗಳೂ ಸದ್ದಿಲ್ಲದೆ ಅದಲುಬದಲಾಗುತ್ತವೆ. ಸಾಲು ಸಮವಾಗಿ ಕಾಣಲೆಂದು 01, 02 ಎಂದು ಮುಂದೆ ಸೊನ್ನೆ ಹಾಕಲೂ ಬೇಡಿ. ಸಿ ಭಾಷೆಯಲ್ಲಿ ಸೊನ್ನೆಯಿಂದ ಶುರುವಾಗುವ ಅಂಕಿ ಆಕ್ಟಲ್, ಅಂದರೆ ಎಂಟರ ಆಧಾರದ್ದು. 08, 09 ಬರೆದರೆ ಕಂಪೈಲರ್ ಎರರ್ ಕೊಡುತ್ತದೆ, ಅದು ಪುಣ್ಯ; 010 ಬರೆದರೆ ಎರರ್ ಇಲ್ಲದೆ 8 ಆಗಿಬಿಡುತ್ತದೆ.

ಡಿಫೈನ್ ಬದಲು ಇನಮ್ ಏಕೆ ಎಂದರೆ, ಡಿಫೈನ್‌ಗೆ ವ್ಯಾಪ್ತಿ ಎಂಬುದಿಲ್ಲ, ಡಿಬಗ್ಗರ್‌ನಲ್ಲಿ ಸಾಮಾನ್ಯವಾಗಿ ಹೆಸರೂ ಕಾಣುವುದಿಲ್ಲ. ಸಿ++ನಲ್ಲಿ ಕಾನ್ಸ್ಟ್‌ಎಕ್ಸ್‌ಪರ್ ಕೂಡ ಒಳ್ಳೆಯದೇ. ಸಿ ಭಾಷೆಯಲ್ಲಿ ಮಾತ್ರ ಬರಿ ಕಾನ್ಸ್ಟ್ ಇಂಟ್ ಸಾಲದು, ಅದನ್ನು ಸ್ವಿಚ್‌ನ ಕೇಸ್ ಲೇಬಲ್ ಆಗಿ ಬಳಸಲು ಬರುವುದಿಲ್ಲ. ಅಲ್ಲಿ ಇನಮ್ಮೇ ಸರಿ. ಯಾವುದನ್ನು ಬಳಸಿದರೂ ತೀರ ಚಿಕ್ಕ ಹೆಸರು ಬೇಡ. ವಿಂಡೋಸ್ ಹೆಡರ್‌ಗಳು ಇನ್, ಔಟ್ ಎಂಬ ದೊಡ್ಡಕ್ಷರದ ಹೆಸರುಗಳನ್ನು ಖಾಲಿ ಮ್ಯಾಕ್ರೋಗಳಾಗಿ ಘೋಷಿಸಿವೆ. ನಿಮ್ಮ ಇನಮ್‌ನಲ್ಲಿ ಅದೇ ಹೆಸರಿದ್ದರೆ ಪ್ರಿಪ್ರೊಸೆಸರ್ ಅದನ್ನು ಮಾಯ ಮಾಡಿ, ಸಂಬಂಧವೇ ಇಲ್ಲದಂತೆ ಕಾಣುವ ಸಿಂಟ್ಯಾಕ್ಸ್ ಎರರ್ ಬರುತ್ತದೆ. ಎವಿಆರ್ ಹೆಡರ್‌ಗಳಲ್ಲಿ ಪಿಬಿ5 ಎಂಬುದೂ ಮ್ಯಾಕ್ರೋವೇ. ಮುಂದೆ ಚಿಪ್ ಹೆಸರು ಸೇರಿಸಿದರೆ ಈ ತಾಪತ್ರಯ ಇರುವುದಿಲ್ಲ.

ಬದಲಿಸುವುದು, ಬೈಟ್ ಬೈಟ್ ತಾಳೆ ನೋಡುವುದು

ಈ ಕೆಲಸದಲ್ಲಿ ಮೀರಬಾರದ ನಿಯಮ ಒಂದಿದೆ: ಹೆಸರು ಕೊಡುವ ಕಮಿಟ್‌ನಲ್ಲಿ (ಒಮ್ಮೆಗೆ ದಾಖಲಿಸುವ ಬದಲಾವಣೆಗಳ ಕಟ್ಟು) ಬೆಲೆ ಬದಲಾಗಬಾರದು. ಪಟ್ಟಿ ಮಾಡುವಾಗ "ಅರೆ, ಇದು ತಪ್ಪು ಲೈನ್" ಎಂದು ಗೊತ್ತಾಗುವುದು ಖಂಡಿತ. ಆಗ ಕೈ ತಡೆದುಕೊಳ್ಳಿ. ತಪ್ಪು ಅಂಕಿಗೆ ಅದರ ನಿಜವಾದ ಹೆಸರನ್ನೇ ಕೊಡಿ, ಕೋಡ್ ತಪ್ಪಾಗಿಯೇ ಕಾಣಲಿ. ತಿದ್ದುವುದು ಮುಂದಿನ ಕಮಿಟ್‌ನಲ್ಲಿ, ಒಂದೇ ಸಾಲಿನಲ್ಲಿ. ಎರಡನ್ನೂ ಬೆರೆಸಿದರೆ, ಆಮೇಲೆ ಯಾವುದೋ ಪ್ರೋಗ್ರಾಂ ಓಡದೆ ನಿಂತಾಗ ನಾನೂರು ಸಾಲಿನ ಡಿಫ್‌ನಲ್ಲಿ ಆ ಒಂದು ಸಾಲನ್ನು ಹುಡುಕಬೇಕಾಗುತ್ತದೆ.

ಬೆಲೆ ಬದಲಾಗಿಲ್ಲ ಎಂದು ಸಾಬೀತು ಮಾಡುವುದು ಸುಲಭ, ಇದು ಈ ಕೆಲಸದ ಅತಿ ದೊಡ್ಡ ಅನುಕೂಲ. ಸಂಖ್ಯೆಯ ಜಾಗಕ್ಕೆ ಅದೇ ಬೆಲೆಯ ಹೆಸರು ಬಂದರೆ ಕಂಪೈಲರ್ ಕೊಡುವ ಮೆಷಿನ್ ಕೋಡ್ ಹಿಂದಿನದೇ ಆಗಿರಬೇಕು.

1. ಬದಲಿಸುವ ಮುನ್ನ ಡಿಬಗ್ ಮಾಹಿತಿ ಇಲ್ಲದೆ, ನೀವು ಬಿಡುಗಡೆಗೆ ಬಳಸುವ ಆಪ್ಟಿಮೈಸೇಶನ್ ಹಂತದಲ್ಲೇ ಬಿಲ್ಡ್ ಮಾಡಿ. ಆಬ್ಜೆಕ್ಟ್ ಫೈಲ್‌ಗಳನ್ನು ಬೇರೆ ಫೋಲ್ಡರ್‌ಗೆ ನಕಲಿಸಿಡಿ.
2. ಒಂದು ಚಿಪ್‌ನ ಹೆಸರುಗಳನ್ನು ಹಾಕಿ.
3. ಅದೇ ಕಂಪೈಲರ್, ಅದೇ ಆಯ್ಕೆಗಳಲ್ಲಿ ಮತ್ತೆ ಬಿಲ್ಡ್ ಮಾಡಿ. ಎರಡೂ ಫೈಲ್‌ಗಳನ್ನು ಆಬ್ಜ್‌ಡಂಪ್‌ನಿಂದ ಡಿಸ್‌ಅಸೆಂಬಲ್ ಮಾಡಿ ಡಿಫ್ ತೆಗೆಯಿರಿ.
4. ವ್ಯತ್ಯಾಸ ಇದ್ದರೆ ಕಾರಣ ತಿಳಿಯುವವರೆಗೆ ಮುಂದೆ ಹೋಗಬೇಡಿ.

ನಿರಪಾಯದ ವ್ಯತ್ಯಾಸ ಬರುವುದು ಎರಡು ಕಾರಣದಿಂದ. ಅಸರ್ಟ್ ಮ್ಯಾಕ್ರೋಗಳು ಸಾಲು ಸಂಖ್ಯೆಯನ್ನು ಕೋಡಿನೊಳಗೆ ತುಂಬುತ್ತವೆ, ಒಂದು ಸಾಲು ಹೆಚ್ಚಾದರೂ ಆ ಅಂಕಿ ಬದಲಾಗುತ್ತದೆ. ಎನ್‌ಡಿಬಗ್ ಇಟ್ಟು ಬಿಲ್ಡ್ ಮಾಡಿದರೆ ಇದು ಹೋಗುತ್ತದೆ. ದಿನಾಂಕ ಮತ್ತು ವೇಳೆಯ ಮ್ಯಾಕ್ರೋ ಬಳಸಿದ ಫೈಲ್‌ಗಳು ಪ್ರತಿ ಬಿಲ್ಡ್‌ಗೂ ಬೇರೆಯಾಗುತ್ತವೆ. ಇವೆರಡನ್ನು ಬಿಟ್ಟು ಇನ್ನೇನಾದರೂ ಬದಲಾಗಿದ್ದರೆ ಎಲ್ಲೋ ಬೆಲೆ ತಪ್ಪಿದೆ, ಇಲ್ಲವೇ ಟೈಪ್ ಬದಲಾಗಿದೆ.

ಟೈಪ್ ಬದಲಾಗುವುದು ಹೀಗೆ: ಬರಿ 5 ಎಂಬುದು ಇಂಟ್. ನೀವು ಅದನ್ನು 8 ಬಿಟ್‌ನ ಅನ್‌ಸೈನ್ಡ್ ಸ್ಥಿರಾಂಕ ಮಾಡಿದರೆ, ಓವರ್‌ಲೋಡ್ ಆದ ಫಂಕ್ಷನ್‌ಗಳಲ್ಲಿ ಬೇರೊಂದು ಆಯ್ಕೆಯಾಗಬಹುದು. ಲಾಗ್‌ನಲ್ಲಿ ಸಿಔಟ್ ಮೂಲಕ ಮುದ್ರಿಸಿದರೆ 5 ಎಂಬ ಅಂಕಿಯ ಬದಲು ಕಣ್ಣಿಗೆ ಕಾಣದ ಅಕ್ಷರ ಬರುತ್ತದೆ. ಮಾಸ್ಕ್ ತಿರುಗಿಸಿದಾಗ ಇನ್ನೊಂದು ತೊಂದರೆ: 8 ಬಿಟ್‌ನ ಹೆಕ್ಸ್ 20ಕ್ಕೆ ಟಿಲ್ಡೆ ಹಾಕಿದರೆ ಅದು ಮೊದಲು ಇಂಟ್ ಆಗಿ, ಉತ್ತರ ಮೈನಸ್ 33 ಬರುತ್ತದೆ. ಅದನ್ನು ಆಂಡ್ ಮಾಡಿದರೆ ಚಿಂತೆಯಿಲ್ಲ. 8 ಬಿಟ್‌ನ ಇನ್ನೊಂದು ಅನ್‌ಸೈನ್ಡ್ ಬೆಲೆಯೊಂದಿಗೆ ಸಮ ಎಂದು ಹೋಲಿಸಿದರೆ ಎಂದೂ ಸಮವಾಗುವುದಿಲ್ಲ.

ಟೈಪ್ ಬಿಗಿ ಮಾಡುವುದು ಎರಡನೆಯ ಸುತ್ತು

ಬರಿ ಇನಮ್ ಓದಲು ಸುಲಭ ಮಾಡುತ್ತದೆ, ತಪ್ಪನ್ನು ತಡೆಯುವುದಿಲ್ಲ. _ಬಿಟ್ ಬೇಕಾದ ಕಡೆ _ಲೈನ್ ಕೊಟ್ಟರೂ ಎರಡೂ ಇಂಟ್‌ಗೆ ಇಳಿಯುವುದರಿಂದ ಕಂಪೈಲರ್ ಸುಮ್ಮನಿರುತ್ತದೆ. ಇದಕ್ಕೆ ಸಿ++ನಲ್ಲಿ ಇನಮ್ ಕ್ಲಾಸ್, ರಸ್ಟ್‌ನಲ್ಲಿ ನ್ಯೂಟೈಪ್ ಅಥವಾ ಇನಮ್ ಇದೆ. ಪೈಥಾನ್‌ನ ಇಂಟ್‌ಇನಮ್ ಇಂಟ್ ಜೊತೆ ಸಮ ಎಂದೇ ಹೋಲುತ್ತದೆ, ಅದು ಈ ರಕ್ಷಣೆ ಕೊಡದು. ಪೈಥಾನ್‌ನದೇ ಬರಿ ಇನಮ್ ಕೊಡುತ್ತದೆ.

ಆದರೆ ಇದನ್ನು ಮೊದಲ ಸುತ್ತಿನಲ್ಲೇ ಮಾಡಬೇಡಿ. ಫಂಕ್ಷನ್‌ನ ಪ್ಯಾರಾಮೀಟರ್ ಟೈಪ್ ಬದಲಾದರೆ ಸಿ++ನಲ್ಲಿ ಅದರ ಸಿಂಬಲ್ ಹೆಸರೂ ಬದಲಾಗುತ್ತದೆ, ಆಗ ಆಬ್ಜೆಕ್ಟ್ ಫೈಲ್‌ಗಳು ಬೈಟ್‌ಗೆ ಬೈಟ್ ಕೂಡುವುದಿಲ್ಲ, ಡಿಫ್ ತುಂಬ ಸದ್ದು ಮಾಡುತ್ತದೆ. ಮೊದಲು ಹೆಸರು, ತಾಳೆ, ಕಮಿಟ್. ಆಮೇಲೆ ಟೈಪ್, ಅದರ ತಾಳೆಗೆ ಸಿಂಬಲ್ ಹೆಸರುಗಳನ್ನು ಬಿಟ್ಟು ಸೂಚನೆಗಳನ್ನು ಮಾತ್ರ ಹೋಲಿಸಿ.

ಎಡವುವ ಜಾಗಗಳು

ಎರಡನೆಯ ಆರ್ಗ್ಯುಮೆಂಟ್ ಮರೆಯಬೇಡಿ. ಸೆಟ್_ಲೈನ್(0, 1)ರಲ್ಲಿ 1ಕ್ಕೂ ಹೆಸರು ಬೇಕು. ಆರ್ಕೇಡ್ ಆಟದ ಯಂತ್ರಗಳನ್ನು ಅನುಕರಿಸುವ ಮೇಮ್ ಎಮ್ಯುಲೇಟರ್‌ನಲ್ಲಿ ಕ್ಲಿಯರ್_ಲೈನ್, ಅಸರ್ಟ್_ಲೈನ್, ಹೋಲ್ಡ್_ಲೈನ್ ಎಂಬ ಹೆಸರುಗಳಿವೆ, ಬೆಲೆ ಕ್ರಮವಾಗಿ 0, 1, 2. ಇಲ್ಲಿ ಅಸರ್ಟ್ ಎಂದರೆ "ಸಿಗ್ನಲ್ ಸಕ್ರಿಯವಾಗಿದೆ", ವೋಲ್ಟೇಜ್ ಹೆಚ್ಚಿದೆ ಎಂದಲ್ಲ. 6502ರ ಐಆರ್‌ಕ್ಯು, ಝಡ್80ಯ ಐಎನ್‌ಟಿ ಎಂಬ ಇಂಟರಪ್ಟ್ ಪಿನ್‌ಗಳೆರಡೂ ವೋಲ್ಟೇಜ್ ಇಳಿದಾಗ ಸಕ್ರಿಯ. ಸ್ಕೀಮ್ಯಾಟಿಕ್‌ನಲ್ಲಿ ಹೆಸರಿನ ಮೇಲೆ ಗೆರೆ ಇದೆ, ಆದ್ದರಿಂದ 0 ಕಳಿಸಬೇಕು ಎಂದು ಅಸರ್ಟ್ ಜಾಗಕ್ಕೆ ಕ್ಲಿಯರ್ ಬರೆಯುವುದು ಆಗಾಗ ಆಗುವ ತಪ್ಪು. ಎರಡು ಸಂಪ್ರದಾಯಗಳಲ್ಲಿ ಒಂದನ್ನು ಆರಿಸಿ ಹೆಡರ್‌ನ ತಲೆಯಲ್ಲೇ ಬರೆದಿಡಿ. ಸ್ಥಿತಿಯನ್ನು ಬೂಲ್ ಆಗಿ ತೆಗೆದುಕೊಳ್ಳುವ ಫಂಕ್ಷನ್‌ಗೆ ಹೋಲ್ಡ್ ಕಳಿಸಿದರೆ ಅದು 1 ಆಗಿ ಇಳಿದುಹೋಗುತ್ತದೆ ಎಂಬುದೂ ನೆನಪಿರಲಿ.

ಹೆಸರು ಬಂದ ಕೂಡಲೇ ಎಡ್ಜ್ ಮತ್ತು ಲೆವೆಲ್ ವ್ಯತ್ಯಾಸ ಎದ್ದು ಕಾಣುತ್ತದೆ. ಆರ್‌ಎಸ್‌ಟಿ 7.5 ಏರುವ ಅಂಚಿನಲ್ಲಿ ಚಿಪ್ ಒಳಗೇ ಲ್ಯಾಚ್ ಆಗುತ್ತದೆ, 6.5 ಮತ್ತು 5.5 ಸಿಗ್ನಲ್ ಇರುವವರೆಗೆ ಮಾತ್ರ. 6502, ಝಡ್80 ಎರಡರಲ್ಲೂ ಮಾಸ್ಕ್ ಮಾಡಲಾಗದ ಇಂಟರಪ್ಟ್ ಆದ ಎನ್‌ಎಂಐ ಇಳಿಯುವ ಅಂಚಿನದು. ಎನ್‌ಎಂಐ ಲೈನನ್ನು ಅಸರ್ಟ್ ಮಾಡಿ ಎಲ್ಲೂ ಕ್ಲಿಯರ್ ಮಾಡದ ಕೋಡ್ ಇದ್ದರೆ ಎರಡನೆಯ ಎನ್‌ಎಂಐ ಬರುವುದೇ ಇಲ್ಲ. ಇದು ಬರಿ ಅಂಕಿ ಇದ್ದಾಗ ಕಾಣದ ದೋಷ. ಪಟ್ಟಿಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿಡಿ.

6809ರಲ್ಲಿ ಐಆರ್‌ಕ್ಯು ಮತ್ತು ಎಫ್‌ಐಆರ್‌ಕ್ಯು (ವೇಗದ ಇಂಟರಪ್ಟ್) ಅದಲುಬದಲಾದರೆ ಲಕ್ಷಣ ವಿಚಿತ್ರವಾಗಿರುತ್ತದೆ. ಐಆರ್‌ಕ್ಯು 12 ಬೈಟ್‌ಗಳಷ್ಟು ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ತಳ್ಳುತ್ತದೆ. ಎಫ್‌ಐಆರ್‌ಕ್ಯು ಪ್ರೋಗ್ರಾಂ ಕೌಂಟರ್ ಮತ್ತು ಕಂಡಿಷನ್ ಕೋಡ್ ಸೇರಿ 3 ಬೈಟ್ ಮಾತ್ರ. ಎರಡಕ್ಕೂ ವೆಕ್ಟರ್ ಬೇರೆ. ತಪ್ಪು ಹ್ಯಾಂಡ್ಲರ್ ಓಡಿದರೆ ಅದಕ್ಕೆ ಆ ಸಾಧನದ ಪರಿಚಯವಿಲ್ಲ, ಸಾಧನದ ಇಂಟರಪ್ಟ್ ತಣ್ಣಗಾಗುವುದಿಲ್ಲ. ಹಿಂದಿರುಗಿದ ತಕ್ಷಣ ಮತ್ತೆ ಅದೇ ಇಂಟರಪ್ಟ್. ಮುಖ್ಯ ಪ್ರೋಗ್ರಾಂ ಮುಂದೆ ಸಾಗುವುದಿಲ್ಲ. ಪರದೆ ಹೆಪ್ಪುಗಟ್ಟಿ, ಪ್ರೊಸೆಸರ್ ಮಾತ್ರ ಓಡುತ್ತಲೇ ಇದ್ದರೆ ಮೊದಲು ಈ ಎರಡು ಹೆಸರನ್ನು ನೋಡಿ.

ಲೂಪ್‌ಗಳಲ್ಲಿ ಹೆಸರಿಡುವುದು ಕಷ್ಟ. ಐ ಎಂಬ ವೇರಿಯಬಲ್ 0ಯಿಂದ 7ರವರೆಗೆ ಹೋಗಿ ನೇರವಾಗಿ ಲೈನ್ ಸಂಖ್ಯೆಯಾಗುತ್ತಿದ್ದರೆ, ಮೊದಲ ಲೈನ್‌ನ ಹೆಸರಿಗೆ ಐ ಕೂಡಿಸಿ ಬರೆಯಿರಿ. ಜೊತೆಗೆ ಕೊನೆಯ ಹೆಸರು ಮೊದಲನೆಯದಕ್ಕಿಂತ ಸರಿಯಾಗಿ 7 ಹೆಚ್ಚು ಎಂದು ಸ್ಟ್ಯಾಟಿಕ್ ಅಸರ್ಟ್ ಹಾಕಿ. 68000ದ ಹಂತಗಳು 1ರಿಂದ ಶುರುವಾಗುವುದರಿಂದ ಅಲ್ಲಿ ಒಂದು ಕಳೆಯುವುದು ಬಿಟ್ಟುಹೋಗದಿರಲಿ.

ಸೇವ್ ಸ್ಟೇಟ್ (ಯಂತ್ರದ ಆ ಕ್ಷಣದ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ) ಇರುವ ಎಮ್ಯುಲೇಟರ್‌ನಲ್ಲಿ ಲೈನ್‌ಗಳ ಸ್ಥಿತಿ ಸಾಮಾನ್ಯವಾಗಿ ಒಂದು ಅರೇಯಲ್ಲಿ, ಲೈನ್ ಸಂಖ್ಯೆಯ ಕ್ರಮದಲ್ಲಿ ಉಳಿಯುತ್ತದೆ. ಹೆಸರು ಚೆಂದ ಕಾಣಲೆಂದು ಕ್ರಮಸಂಖ್ಯೆಗಳನ್ನು ಮರುಜೋಡಿಸಿದರೆ ಬಳಕೆದಾರರು ಉಳಿಸಿಟ್ಟ ಫೈಲ್‌ಗಳು ಎರರ್ ಇಲ್ಲದೆ ತೆರೆದುಕೊಂಡು ತಪ್ಪು ಲೈನ್‌ಗಳನ್ನು ಎಬ್ಬಿಸುತ್ತವೆ. ಮರುಜೋಡಣೆ ಬೇಕೇಬೇಕು ಎಂದಾದರೆ ಸೇವ್ ಫೈಲ್‌ನ ಆವೃತ್ತಿ ಸಂಖ್ಯೆಯನ್ನು ಅದೇ ಕಮಿಟ್‌ನಲ್ಲಿ ಏರಿಸಿ.

ಎಲ್ಲ ಅಂಕಿಗೂ ಹೆಸರು ಬೇಕಿಲ್ಲ. ಡೇಟಾ ಬಸ್‌ನ 7ನೇ ಬಿಟ್ಟನ್ನು ಡಿ7 ಎಂದೇ ಓದುವಾಗ 7 ಸಾಕು. 16 ಬಿಟ್ಟನ್ನು ಎರಡು ಬೈಟ್ ಮಾಡುವ 8ರ ಶಿಫ್ಟ್‌ಗೂ ಹೆಸರು ಬೇಡ. ಐದಕ್ಕೆ "ಬಿಟ್_5" ಎಂದು ಹೆಸರಿಟ್ಟರೆ ಓದುಗನಿಗೆ ಹೊಸದೇನೂ ಸಿಗದು, ಹುಡುಕಲು ಇನ್ನೊಂದು ಫೈಲ್ ಸಿಗುತ್ತದೆ ಅಷ್ಟೇ. ಆ ಬಿಟ್ ಮೋಟಾರ್ ಓಡಿಸುತ್ತಿದ್ದರೆ ಹೆಸರು ಮೋಟಾರ್_ಆನ್_ಬಿಟ್. ಯಾವುದಕ್ಕೂ ಕಟ್ಟಿಲ್ಲದಿದ್ದರೆ "ಕಟ್ಟಿಲ್ಲ, ಹಾಳೆ 3" ಎಂದು ಟಿಪ್ಪಣಿ ಬರೆದು ಅಂಕಿಯನ್ನು ಹಾಗೇ ಬಿಡಿ.